ಕಾರ್ಲ್ಸ್‌ರೂಹೆಯ ನ್ಯಾಯಪೀಠ: ಹಿಟ್ಲರನ ನಂತರ ಜರ್ಮನಿ ತನ್ನ ನ್ಯಾಯಾಂಗವನ್ನು ಕಟ್ಟಿಕೊಂಡ ಬಗೆ

ನಮ್ಮ ಪ್ರೌಢಶಾಲೆಯ ಇತಿಹಾಸ ಪುಸ್ತಕಗಳಲ್ಲಿ ಎರಡನೆಯ ಮಹಾಯುದ್ಧದ ಪಾಠ 1945ಕ್ಕೆ ಮುಗಿಯುತ್ತದೆ. ಹಿಟ್ಲರ್ ಬರ್ಲಿನ್ನಿನ ನೆಲಮಾಳಿಗೆಯಲ್ಲಿ ಆತ್ಮಹತ್ಯೆ ಮಾಡಿಕೊಂಡ, ಜರ್ಮನಿ ಶರಣಾಯಿತು, ನ್ಯೂರೆಂಬರ್ಗಿನಲ್ಲಿ ಯುದ್ಧಾಪರಾಧಿಗಳ ವಿಚಾರಣೆ ನಡೆಯಿತು, ವಿಶ್ವಸಂಸ್ಥೆ ಹುಟ್ಟಿತು. ಅಲ್ಲಿಗೆ ಪಾಠ ಮುಗಿದು ಅಭ್ಯಾಸದ ಪ್ರಶ್ನೆಗಳು ಆರಂಭವಾಗುತ್ತವೆ. ಆದರೆ ಸರ್ವಾಧಿಕಾರವೆಂಬುದು ಒಬ್ಬನೇ ಮನುಷ್ಯನಲ್ಲ. ಅವನ ಆಜ್ಞೆಯನ್ನು ಟೈಪು ಮಾಡಿದ ಗುಮಾಸ್ತ, ಅದನ್ನು ಜಾರಿಗೆ ತಂದ ಪೊಲೀಸು, ಅದನ್ನು ಪಾಠವಾಗಿ ಹೇಳಿಕೊಟ್ಟ ಉಪಾಧ್ಯಾಯ, ಅದಕ್ಕೆ ನ್ಯಾಯದ ಮುದ್ರೆಯೊತ್ತಿದ ನ್ಯಾಯಾಧೀಶ, ಇವರೆಲ್ಲರೂ ಸೇರಿದರೆ ಸರ್ವಾಧಿಕಾರ. ನಾಯಕ ಸತ್ತ ಮರುದಿನವೂ ಇವರೆಲ್ಲ ಬದುಕಿಯೇ ಇರುತ್ತಾರೆ.

ನಾನು ಸೇವೆಯಲ್ಲಿದ್ದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಈ ಪಾಠದ ಕೊನೆಯಲ್ಲಿ ಎದ್ದು ನಿಂತು, "ಸಾರ್, ಹಿಟ್ಲರನ ಕಾಲದ ಜಡ್ಜುಗಳೆಲ್ಲ ಆಮೇಲೆ ಏನಾದರು?" ಎಂದು ಕೇಳಿದ್ದಳು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಹೇಳಿ ಮುಗಿಸುವಂಥ ಪ್ರಶ್ನೆಯಲ್ಲ ಅದು. ನಿವೃತ್ತಿಯ ನಂತರದ ಓದಿನಲ್ಲಿ ಆ ಪ್ರಶ್ನೆಯ ಜಾಡು ಹಿಡಿದು ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸರ್ವಾಧಿಕಾರದಿಂದ ಬಿಡುಗಡೆ ಹೊಂದಿದ ಯಾವುದೇ ದೇಶ ಸ್ವತಂತ್ರ ನ್ಯಾಯಾಂಗವನ್ನು ಕಟ್ಟಹೊರಟಾಗ ಎದುರಾಗುವ ಇಕ್ಕಟ್ಟೆಲ್ಲ ಜರ್ಮನಿಯ ಈ ಕಥೆಯಲ್ಲಿದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಹಿಟ್ಲರನಿಗಿಂತ ಮುಂಚೆ ಜರ್ಮನಿಯಲ್ಲಿ ಸ್ವತಂತ್ರ ನ್ಯಾಯಾಂಗ ಇರಲಿಲ್ಲವೆಂದಲ್ಲ. 1919ರ ವೈಮಾರ್ ಸಂವಿಧಾನದ 102ನೆಯ ವಿಧಿ, ನ್ಯಾಯಾಧೀಶರು ಸ್ವತಂತ್ರರು, ಅವರು ಕಾನೂನಿಗೆ ಮಾತ್ರ ಅಧೀನರು ಎಂದು ಸ್ಪಷ್ಟವಾಗಿ ಸಾರಿತ್ತು. ಅವರನ್ನು ಮನಬಂದಂತೆ ತೆಗೆದುಹಾಕುವಂತಿರಲಿಲ್ಲ. ಆದರೆ ಚಕ್ರವರ್ತಿ ಕೈಸರನ ಕಾಲದಲ್ಲಿ ನೇಮಕಗೊಂಡ ಆ ನ್ಯಾಯಾಧೀಶರಲ್ಲಿ ಬಹುಮಂದಿಗೆ ಗಣರಾಜ್ಯದ ಬಗ್ಗೆ ಪ್ರೀತಿಯಿರಲಿಲ್ಲ. 1923ರ ನವೆಂಬರಿನಲ್ಲಿ ಮ್ಯೂನಿಕ್ಕಿನಲ್ಲಿ ಸಶಸ್ತ್ರ ದಂಗೆ ಎಬ್ಬಿಸಿ ಸಿಕ್ಕಿಬಿದ್ದ ಹಿಟ್ಲರನಿಗೆ 1924ರ ಏಪ್ರಿಲಿನಲ್ಲಿ ನ್ಯಾಯಾಲಯ ವಿಧಿಸಿದ್ದು ಐದು ವರ್ಷಗಳ ಸೌಮ್ಯವಾದ ಕೋಟೆವಾಸ. ಅಂಥ ಅಪರಾಧವೆಸಗಿದ ವಿದೇಶೀಯನನ್ನು ಗಡೀಪಾರು ಮಾಡಬೇಕೆಂದು ಕಾನೂನಿದ್ದರೂ ಆಸ್ಟ್ರಿಯದವನಾದ ಹಿಟ್ಲರನಿಗೆ ಅದನ್ನು ಅನ್ವಯಿಸಲು ನ್ಯಾಯಪೀಠ ಒಪ್ಪಲಿಲ್ಲ. ಅದೇ ಡಿಸೆಂಬರಿನಲ್ಲಿ ಆತ ಹೊರಗೆ ಬಂದ. ಆ ತೀರ್ಪನ್ನು ಕೊಡುವಂತೆ ನ್ಯಾಯಾಧೀಶರನ್ನು ಯಾವ ಸರ್ಕಾರವೂ ಬೆದರಿಸಿರಲಿಲ್ಲ. ಅವರು ಸ್ವತಂತ್ರರಾಗಿಯೇ ಕೊಟ್ಟ ತೀರ್ಪು ಅದು. ಈ ಅಂಶವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಏಪ್ರಿಲ್ 7ರ ಕಾಯಿದೆಯೊಂದರ ಬಲದಿಂದ ಯಹೂದಿ ನ್ಯಾಯಾಧೀಶರನ್ನೂ ರಾಜಕೀಯವಾಗಿ ಹಿಡಿಸದವರನ್ನೂ ಹೊರಹಾಕಲಾಯಿತು. ಉಳಿದ ಸಹೋದ್ಯೋಗಿಗಳಿಂದ ಗಮನಾರ್ಹವಾದ ಪ್ರತಿಭಟನೆಯೇನೂ ಬರಲಿಲ್ಲ. ಸಂಸತ್ ಭವನಕ್ಕೆ ಬೆಂಕಿ ಬಿದ್ದ ಪ್ರಕರಣದಲ್ಲಿ ಲೈಪ್‌ಜಿಗ್‌ನ ಸರ್ವೋಚ್ಚ ನ್ಯಾಯಾಲಯ ಬಲ್ಗೇರಿಯದ ಡಿಮಿಟ್ರೋವ್ ಮತ್ತು ಇನ್ನು ಮೂವರನ್ನು ಸಾಕ್ಷ್ಯವಿಲ್ಲವೆಂದು ಬಿಡುಗಡೆ ಮಾಡಿದಾಗ ಹಿಟ್ಲರ್ ಕೆರಳಿದ. ಆದರೆ ಅದೇ ನ್ಯಾಯಾಲಯ ಐದನೆಯ ಆರೋಪಿ ವಾನ್ ಡರ್ ಲುಬ್ಬೆಗೆ, ಬೆಂಕಿ ಬಿದ್ದ ನಂತರ ಮಾಡಿದ ಕಾನೂನನ್ನು ಹಿಂದಕ್ಕೆ ಅನ್ವಯಿಸಿ, ಮರಣದಂಡನೆ ವಿಧಿಸಿತ್ತು. 1934ರಲ್ಲಿ ರಾಜದ್ರೋಹದ ಮೊಕದ್ದಮೆಗಳಿಗಾಗಿ 'ಜನತಾ ನ್ಯಾಯಾಲಯ' ಎಂಬ ಹೊಸ ಸಂಸ್ಥೆ ಹುಟ್ಟಿತು. 1942ರಿಂದ ಅದರ ಅಧ್ಯಕ್ಷನಾಗಿದ್ದವನು ರೋಲಾಂಡ್ ಫ್ರೈಸ್ಲರ್. ಕರಪತ್ರ ಹಂಚಿದ ತಪ್ಪಿಗಾಗಿ ಮ್ಯೂನಿಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಹಾನ್ಸ್ ಶೋಲ್, ಅವನ ತಂಗಿ ಸೋಫಿ ಶೋಲ್ ಮತ್ತು ಕ್ರಿಸ್ಟೋಫ್ ಪ್ರೋಬ್ಸ್ಟ್ ಎಂಬವರಿಗೆ 1943ರ ಫೆಬ್ರವರಿ 22ರಂದು ಆತ ಮರಣದಂಡನೆ ವಿಧಿಸಿದ. ಅದೇ ದಿನ ಸಂಜೆಯೇ ಮೂವರ ಶಿರಚ್ಛೇದವಾಯಿತು. ಸೋಫಿಗೆ ಆಗ ಇಪ್ಪತ್ತೊಂದು ವರ್ಷ. ಆ ನ್ಯಾಯಾಲಯವೊಂದೇ ಕೊಟ್ಟ ಮರಣದಂಡನೆಗಳು 5,000ಕ್ಕೂ ಹೆಚ್ಚು.

ಹಾಗಾದರೆ ನ್ಯಾಯಾಧೀಶರಿಗೆ ಬೇರೆ ದಾರಿಯೇ ಇರಲಿಲ್ಲವೇ? ಈ ಪ್ರಶ್ನೆಗೆ ಲೋಟಾರ್ ಕ್ರೈಸಿಗ್ ಎಂಬ ಕೆಳಹಂತದ ನ್ಯಾಯಾಧೀಶರ ಬದುಕೇ ಉತ್ತರ. ಬ್ರಾಂಡೆನ್‌ಬುರ್ಗ್ ಪಟ್ಟಣದಲ್ಲಿ ಬುದ್ಧಿಮಾಂದ್ಯರ ಹಾಗೂ ಮನೋರೋಗಿಗಳ ಹಿತರಕ್ಷಣೆಯ ಮೊಕದ್ದಮೆಗಳನ್ನು ನೋಡಿಕೊಳ್ಳುತ್ತಿದ್ದ ಅವರಿಗೆ, ತಮ್ಮ ರಕ್ಷಣೆಯಲ್ಲಿದ್ದವರು ಒಬ್ಬೊಬ್ಬರಾಗಿ ಸತ್ತುಹೋಗುತ್ತಿರುವ ಸುದ್ದಿ ಬರತೊಡಗಿತು. ಅದು ಸರ್ಕಾರವೇ ನಡೆಸುತ್ತಿದ್ದ ಕೊಲೆಯೆಂದು ಗ್ರಹಿಸಿದ ಅವರು 1940ರಲ್ಲಿ ನ್ಯಾಯಮಂತ್ರಿಗೆ ಪತ್ರ ಬರೆದರು. ಆ ಯೋಜನೆಯ ಹೊಣೆ ಹೊತ್ತಿದ್ದ ನಾಜಿ ನಾಯಕನ ಮೇಲೆ ಕೊಲೆಯ ದೂರನ್ನೇ ದಾಖಲಿಸಿದರು. ನಾಯಕನ ಇಚ್ಛೆಯೇ ಕಾನೂನಿನ ಮೂಲವೆಂದು ಒಪ್ಪದವರು ನ್ಯಾಯಾಧೀಶರಾಗಿರಲು ಸಾಧ್ಯವಿಲ್ಲವೆಂದು ಮಂತ್ರಿ ತಿಳಿಸಿದಾಗ, ಒಪ್ಪುವುದಿಲ್ಲವೆಂದೇ ಉತ್ತರಿಸಿದರು. ಅವರನ್ನು ನೇಣಿಗೆ ಹಾಕಲಿಲ್ಲ, ಶಿಬಿರಕ್ಕೂ ಕಳುಹಿಸಲಿಲ್ಲ. ಕಡ್ಡಾಯ ನಿವೃತ್ತಿ ಕೊಟ್ಟು ಮನೆಗೆ ಕಳುಹಿಸಿದರು. ಅವರು 1986ರವರೆಗೆ ಬದುಕಿದ್ದರು. ಹೀಗೆ ಎದ್ದು ನಿಂತವರು ತೀರ ವಿರಳ. ಆದರೆ ಒಬ್ಬರಿಗೆ ಸಾಧ್ಯವಾದದ್ದು, ಬೇರೆ ದಾರಿಯಿರಲಿಲ್ಲವೆಂಬ ಉಳಿದವರ ವಾದವನ್ನು ದುರ್ಬಲಗೊಳಿಸುತ್ತದೆ.

ಯುದ್ಧ ಮುಗಿದಾಗ ಮಿತ್ರರಾಷ್ಟ್ರಗಳು ಜರ್ಮನಿಯ ನ್ಯಾಯಾಲಯಗಳಿಗೆ ಬೀಗ ಹಾಕಿದವು. 1947ರಲ್ಲಿ ನ್ಯೂರೆಂಬರ್ಗಿನಲ್ಲಿ ಅಮೆರಿಕನ್ನರು ಹದಿನಾರು ಮಂದಿ ನ್ಯಾಯಾಧೀಶರು, ಅಭಿಯೋಜಕರು ಮತ್ತು ನ್ಯಾಯಾಂಗ ಇಲಾಖೆಯ ಅಧಿಕಾರಿಗಳ ಮೇಲೆ ಪ್ರತ್ಯೇಕ ಮೊಕದ್ದಮೆ ಹೂಡಿದರು. ನ್ಯಾಯಾಧೀಶನ ನಿಲುವಂಗಿಯ ಅಡಿಯಲ್ಲಿ ಕೊಲೆಗಾರನ ಕಠಾರಿ ಅಡಗಿತ್ತೆಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಹತ್ತು ಮಂದಿಗೆ ಶಿಕ್ಷೆಯಾಯಿತು. ಆದರೆ ದೇಶದ ಉಳಿದ ಸಾವಿರಾರು ನ್ಯಾಯಾಧೀಶರನ್ನು ಏನು ಮಾಡುವುದು? ಕಳ್ಳತನ, ಬಾಡಿಗೆ, ವಿಚ್ಛೇದನ, ಆಸ್ತಿಯ ತಗಾದೆಗಳು ಯಾವ ಕ್ರಾಂತಿಗೂ ಕಾಯುವುದಿಲ್ಲ. ನ್ಯಾಯಾಲಯಗಳ ಬಾಗಿಲು ತೆರೆಯಲೇಬೇಕು. ತೆರೆಯಲು ಕಾನೂನು ಬಲ್ಲವರು ಬೇಕು. ಕಾನೂನು ಬಲ್ಲವರಲ್ಲಿ ಬಹುಪಾಲು ನಾಜಿ ಪಕ್ಷದ ಸದಸ್ಯರಾಗಿದ್ದವರೇ.

ಇಲ್ಲಿ ಜರ್ಮನಿಯ ಎರಡು ಭಾಗಗಳು ಎರಡು ದಾರಿ ಹಿಡಿದವು. ಇತಿಹಾಸದಲ್ಲಿ ಇಂಥ ಹೋಲಿಕೆ ಸಿಗುವುದು ಅಪರೂಪ.

ಸೋವಿಯತ್ ಹಿಡಿತದಲ್ಲಿದ್ದ ಪೂರ್ವಭಾಗದಲ್ಲಿ ಪಕ್ಷದ ಸದಸ್ಯರಾಗಿದ್ದ ನ್ಯಾಯಾಧೀಶರನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹೊರಹಾಕಲಾಯಿತು. ಅವರ ಸ್ಥಾನಕ್ಕೆ ಕಾರ್ಮಿಕರನ್ನೂ ಸಾಮಾನ್ಯರನ್ನೂ ಕೆಲವು ತಿಂಗಳ ತರಬೇತಿ ಕೊಟ್ಟು 'ಜನತಾ ನ್ಯಾಯಾಧೀಶ'ರನ್ನಾಗಿ ಕೂರಿಸಿದರು. ಕೈಗಳೇನೋ ಶುದ್ಧವಾಗಿದ್ದವು. ಆದರೆ ಆ ಕೈಗಳನ್ನು ಆಡಿಸುವ ದಾರ ಹೊಸ ಪಕ್ಷದ ಕೈಯಲ್ಲಿತ್ತು. 1950ರಲ್ಲಿ ವಾಲ್ಡ್‌ಹೈಮ್ ಎಂಬಲ್ಲಿ ಕೆಲವೇ ವಾರಗಳಲ್ಲಿ 3,000ಕ್ಕೂ ಹೆಚ್ಚು ಮಂದಿಯನ್ನು, ಬಹುತೇಕ ಮುಚ್ಚಿದ ಬಾಗಿಲ ಹಿಂದೆ, ನಿಮಿಷಗಳ ಲೆಕ್ಕದಲ್ಲಿ ವಿಚಾರಿಸಿ ಶಿಕ್ಷಿಸಲಾಯಿತು. ಅವರಲ್ಲಿ ನಿಜವಾದ ಅಪರಾಧಿಗಳೂ ಇದ್ದರು, ನಿರಪರಾಧಿಗಳೂ ಇದ್ದರು. ಅವರನ್ನು ಬೇರ್ಪಡಿಸಿ ನೋಡುವ ವ್ಯವಧಾನ ಆ ನ್ಯಾಯಾಲಯಕ್ಕಿರಲಿಲ್ಲ.

ಪಶ್ಚಿಮದಲ್ಲಿ ಆದದ್ದು ಇದಕ್ಕೆ ವಿರುದ್ಧ. ಬ್ರಿಟಿಷರ ವಲಯದಲ್ಲಿ ಮೊದಮೊದಲು ಒಂದು ವಿಚಿತ್ರ ನಿಯಮವಿತ್ತು. ಕಳಂಕವಿಲ್ಲದ ಒಬ್ಬ ನ್ಯಾಯಾಧೀಶನನ್ನು ನೇಮಿಸಿಕೊಂಡರೆ ಅವನ ಜೊತೆಗೆ ನಾಜಿ ಪಕ್ಷದಲ್ಲಿದ್ದ ಒಬ್ಬನನ್ನು ತೆಗೆದುಕೊಳ್ಳಬಹುದು. ಜರ್ಮನರು ಇದಕ್ಕೆ ಇಟ್ಟ ಹೆಸರಿನ ಅರ್ಥ ನಮ್ಮ ಮಕ್ಕಳ ಆಟದ 'ಉಪ್ಪುಮೂಟೆ'! ಒಬ್ಬನ ಬೆನ್ನೇರಿ ಇನ್ನೊಬ್ಬ ಒಳಗೆ ಬರುವುದು. ಬೇಗನೆ ಆ ನಿಯಮವೂ ಸಡಿಲವಾಗಿ, 1950ರ ದಶಕದ ಹೊತ್ತಿಗೆ ಹಳೆಯ ನ್ಯಾಯಾಧೀಶರಲ್ಲಿ ಬಹುಮಂದಿ ತಮ್ಮ ಹಳೆಯ ಕುರ್ಚಿಗಳಿಗೆ ಮರಳಿದ್ದರು. ಒಂದೆಡೆ ಹೊಸಬರು, ಸ್ವಾತಂತ್ರ್ಯವಿಲ್ಲ. ಇನ್ನೊಂದೆಡೆ ಸ್ವಾತಂತ್ರ್ಯವಿದೆ, ಹಳಬರು. ಎರಡರಲ್ಲಿ ಯಾವುದು ಮೇಲು?

ಇಷ್ಟೇ ಆಗಿದ್ದರೆ ಪಶ್ಚಿಮ ಜರ್ಮನಿಯ ಕಥೆಯೂ ನಿರಾಶೆಯದಾಗುತ್ತಿತ್ತು. ಆದರೆ 1949ರ ಮೇ 23ರಂದು ಜಾರಿಗೆ ಬಂದ ಸಂವಿಧಾನವನ್ನು ರಚಿಸಿದವರು ಎರಡು ವಿವೇಕದ ಕೆಲಸಗಳನ್ನು ಮಾಡಿದ್ದರು.

ಮೊದಲನೆಯದು, ಕಾನೂನಿನ ಮೇಲೊಂದು ಕಾನೂನನ್ನು ಸ್ಥಾಪಿಸಿದ್ದು. ಹಿಟ್ಲರನ ಕಾಲದಲ್ಲಿ ಹುದ್ದೆ ಕಳೆದುಕೊಂಡ ಹೈಡೆಲ್‌ಬರ್ಗಿನ ಪ್ರಾಧ್ಯಾಪಕ ಗುಸ್ಟಾಫ್ ರಾಡ್‌ಬ್ರುಖ್ 1946ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ, ಸಹಿಸಲಾಗದಷ್ಟು ಅನ್ಯಾಯದಿಂದ ಕೂಡಿದ ಶಾಸನವು ನ್ಯಾಯಕ್ಕೆ ಮಣಿಯಲೇಬೇಕೆಂದು ವಾದಿಸಿದ್ದರು. ಹೊಸ ಸಂವಿಧಾನ ಮನುಷ್ಯನ ಘನತೆಯನ್ನು ಮೊದಲ ವಿಧಿಯಲ್ಲೇ ಇರಿಸಿತು. ನ್ಯಾಯಾಂಗವು 'ಕಾನೂನಿಗೆ' ಮಾತ್ರವಲ್ಲ, 'ಕಾನೂನಿಗೆ ಮತ್ತು ನ್ಯಾಯಕ್ಕೆ' ಬದ್ಧವೆಂದು 20ನೆಯ ವಿಧಿಯಲ್ಲಿ ಹೇಳಿತು. ಮರಣದಂಡನೆಯನ್ನು ರದ್ದುಪಡಿಸಿತು, ವಿಶೇಷ ನ್ಯಾಯಾಲಯಗಳನ್ನು ನಿಷೇಧಿಸಿತು. ಮನುಷ್ಯನ ಘನತೆಯೇ ಮೊದಲಾದ ಮೂಲತತ್ತ್ವಗಳನ್ನು ಯಾವ ಬಹುಮತದಿಂದಲೂ ತಿದ್ದಲಾಗದೆಂದು 79ನೆಯ ವಿಧಿಯಲ್ಲಿ ಕಟ್ಟುಮಾಡಿತು.

ಎರಡನೆಯದು, ಹಳೆಯ ನ್ಯಾಯಾಲಯಗಳ ತಂಟೆಗೆ ಹೆಚ್ಚು ಹೋಗದೆ ಅವುಗಳ ತಲೆಯ ಮೇಲೆ ಹೊಚ್ಚಹೊಸದೊಂದು ನ್ಯಾಯಾಲಯವನ್ನು ಕೂರಿಸಿದ್ದು. 1951ರ ಸೆಪ್ಟೆಂಬರಿನಲ್ಲಿ ಸಂಯುಕ್ತ ಸಾಂವಿಧಾನಿಕ ನ್ಯಾಯಾಲಯ ಕೆಲಸ ಆರಂಭಿಸಿತು. ಅದು ಅಂದಿನ ರಾಜಧಾನಿ ಬಾನ್‌ನಲ್ಲಿರಲಿಲ್ಲ. ದೂರದ ಕಾರ್ಲ್ಸ್‌ರೂಹೆ ನಗರದಲ್ಲಿತ್ತು, ಇಂದಿಗೂ ಅಲ್ಲೇ ಇದೆ. ಅದರ ನ್ಯಾಯಾಧೀಶರಲ್ಲಿ ಅರ್ಧದಷ್ಟು ಮಂದಿಯನ್ನು ಸಂಸತ್ತಿನ ಕೆಳಮನೆಯೂ ಉಳಿದರ್ಧವನ್ನು ರಾಜ್ಯಗಳನ್ನು ಪ್ರತಿನಿಧಿಸುವ ಸಭೆಯೂ ಆರಿಸುತ್ತವೆ. ಇಂದು ಇದಕ್ಕೆ ಮೂರನೆಯ ಎರಡರಷ್ಟು ಬಹುಮತ ಬೇಕು. ಆದ್ದರಿಂದ ಆಳುವ ಪಕ್ಷ ಒಂದೇ ತನಗೆ ಬೇಕಾದವರನ್ನು ತುಂಬಿಸಲಾಗದು. ಅವಧಿ ಹನ್ನೆರಡು ವರ್ಷ, ಮರುನೇಮಕವಿಲ್ಲ. ಎರಡನೆಯ ಸಲದ ಆಸೆಯಿಲ್ಲದವನಿಗೆ ಯಾರ ಮುಖ ನೋಡಬೇಕಾದ ಹಂಗೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ಮೂಲಭೂತ ಹಕ್ಕಿಗೆ ಧಕ್ಕೆಯಾಯಿತೆಂದು ನಂಬಿದ ಯಾವ ಸಾಮಾನ್ಯ ಪ್ರಜೆಯೂ, ಉಳಿದ ನ್ಯಾಯಾಲಯಗಳಲ್ಲಿ ದಾರಿ ಮುಗಿದ ಮೇಲೆ, ಶುಲ್ಕವಿಲ್ಲದೆ ಅದರ ಬಾಗಿಲು ತಟ್ಟಬಹುದು.

ಮೊದಲ ನ್ಯಾಯಪೀಠದಲ್ಲಿ ಕುಳಿತವರನ್ನು ನೋಡಿ. ಗೆರ್ಹಾರ್ಡ್ ಲೈಬ್‌ಹೋಲ್ಜ್ ಯಹೂದಿ ಮೂಲದವರು, ಇಂಗ್ಲೆಂಡಿನಲ್ಲಿ ದೇಶಭ್ರಷ್ಟರಾಗಿ ಬದುಕಿದವರು. ಹಿಟ್ಲರನ ವಿರೋಧಿಯಾಗಿ ನೇಣುಗಂಬವೇರಿದ ಪಾದ್ರಿ ಡೀಟ್ರಿಕ್ ಬೋನ್‌ಹಾಫರರ ಭಾವ. ಪೀಠದ ಏಕೈಕ ಮಹಿಳೆ ಎರ್ನಾ ಶೆಫ್ಲರ್ ಅವರನ್ನು, ತಂದೆ ಯಹೂದಿ ಎಂಬ ಕಾರಣಕ್ಕೆ, 1933ರಲ್ಲಿ ನ್ಯಾಯಾಂಗ ಸೇವೆಯಿಂದ ದೂರವಿಡಲಾಗಿತ್ತು. ಎಲ್ಲರೂ ಹೀಗೆ ನಿಷ್ಕಳಂಕರಾಗಿದ್ದರೆಂದು ಹೇಳಲಾರೆ. ವಿಲ್ಲಿ ಗೈಗರ್ ಎಂಬ ಸದಸ್ಯರು ನಾಜಿ ಕಾಲದ ವಿಶೇಷ ನ್ಯಾಯಾಲಯವೊಂದರಲ್ಲಿ ಅಭಿಯೋಜಕರಾಗಿದ್ದವರೇ. ಆದರೂ ಅನ್ಯಾಯದ ರುಚಿ ಉಂಡವರು ಆ ಪೀಠದಲ್ಲಿದ್ದರೆಂಬುದು ಸಣ್ಣ ಮಾತಲ್ಲ.

ಆ ನ್ಯಾಯಾಲಯಕ್ಕೆ ಸ್ವಾತಂತ್ರ್ಯ ತಟ್ಟೆಯಲ್ಲಿ ಬಂದುದಲ್ಲ. ಮೊದಲಿಗೆ ಅದರ ಲೆಕ್ಕಪತ್ರ, ಸಿಬ್ಬಂದಿ ಎಲ್ಲವೂ ನ್ಯಾಯಾಂಗ ಮಂತ್ರಾಲಯದ ಅಧೀನದಲ್ಲಿದ್ದವು. ಪೆನ್ಸಿಲು ಕಾಗದಕ್ಕೂ ಮಂತ್ರಿಯ ಕಚೇರಿಗೆ ಬರೆಯಬೇಕಾದ ನ್ಯಾಯಾಲಯ ಆ ಮಂತ್ರಿಯ ಸರ್ಕಾರದ ವಿರುದ್ಧ ತೀರ್ಪು ಕೊಡುವುದಾದರೂ ಹೇಗೆ? ಸರ್ಕಾರಿ ಶಾಲೆಯಲ್ಲಿ ದುಡಿದವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. 1952ರಲ್ಲಿ ನ್ಯಾಯಾಲಯ ಮನವಿಪತ್ರವೊಂದನ್ನು ಹೊರಡಿಸಿತು. ಅದನ್ನು ಸಿದ್ಧಪಡಿಸಿದವರು ಲೈಬ್‌ಹೋಲ್ಜ್. ತಾನು ಮಂತ್ರಾಲಯದ ಅಧೀನ ಕಚೇರಿಯಲ್ಲ, ಸಂಸತ್ತು ಮತ್ತು ಸರ್ಕಾರಗಳಿಗೆ ಸಮನಾದ ಸಾಂವಿಧಾನಿಕ ಅಂಗ ಎಂದು ಸಾರಿ, ಪ್ರತ್ಯೇಕ ಆಯವ್ಯಯವನ್ನು ಕೇಳಿ, ಮುಂದೆ ಪಡೆದುಕೊಂಡಿತು.

ಈ ನ್ಯಾಯಾಲಯದ ಸತ್ವ ತಿಳಿಯಲು ಒಂದು ಮೊಕದ್ದಮೆ ಸಾಕು. ಯಹೂದಿಗಳ ವಿರುದ್ಧ ದ್ವೇಷ ಬಿತ್ತಲು 1940ರಲ್ಲಿ ತಯಾರಾದ ಕುಖ್ಯಾತ ಚಲನಚಿತ್ರವೊಂದರ ನಿರ್ದೇಶಕ ಫೈಟ್ ಹಾರ್ಲಾನ್ ಯುದ್ಧದ ನಂತರ ಮತ್ತೆ ಚಿತ್ರ ತೆಗೆಯತೊಡಗಿದ. ಅವನ ಹೊಸ ಚಿತ್ರವನ್ನು ಬಹಿಷ್ಕರಿಸಿರೆಂದು ಹ್ಯಾಂಬರ್ಗಿನ ಎರಿಕ್ ಲ್ಯೂಟ್ ಎಂಬವರು ಕರೆಕೊಟ್ಟರು. ಚಿತ್ರದ ಕಂಪನಿಗಳು ದಾವೆ ಹೂಡಿದವು. ಹ್ಯಾಂಬರ್ಗಿನ ನ್ಯಾಯಾಲಯ ಬಾಯಿ ಮುಚ್ಚಬೇಕೆಂದು ಆದೇಶಿಸಿದ್ದು ಹಾರ್ಲಾನನಿಗಲ್ಲ, ಲ್ಯೂಟ್ ಅವರಿಗೆ! ಅವರು ಕಾರ್ಲ್ಸ್‌ರೂಹೆಗೆ ಹೋದರು. 1958ರ ಜನವರಿ 15ರಂದು ಸಾಂವಿಧಾನಿಕ ನ್ಯಾಯಾಲಯ ಆ ಆದೇಶವನ್ನು ರದ್ದುಗೊಳಿಸಿ, ಮೂಲಭೂತ ಹಕ್ಕುಗಳ ಬೆಳಕು ದೇಶದ ಎಲ್ಲ ಕಾನೂನುಗಳ ಮೇಲೂ ಬೀಳಬೇಕೆಂದು ತೀರ್ಮಾನಿಸಿತು. 1961ರಲ್ಲಿ ಪ್ರಬಲ ಪ್ರಧಾನಿಯಾಗಿದ್ದ ಅಡೆನಾವರ್ ಸರ್ಕಾರಿ ಟೆಲಿವಿಷನ್ ಕಂಪನಿಯೊಂದನ್ನು ಸ್ಥಾಪಿಸಲು ಹೊರಟಾಗ ಅದನ್ನೂ ತಡೆಯಿತು. ಪ್ರಧಾನಿ ಸಿಟ್ಟಾದರು, ಆದರೆ ತೀರ್ಪಿಗೆ ತಲೆಬಾಗಿದರು.

ನಾಣ್ಯದ ಇನ್ನೊಂದು ಮುಖವನ್ನು ಮುಚ್ಚಿಟ್ಟರೆ ಈ ಬರಹ ಅಪೂರ್ಣವಾಗುತ್ತದೆ. ಫ್ರೈಸ್ಲರ್ 1945ರ ಫೆಬ್ರವರಿಯಲ್ಲಿ ವಿಮಾನದಾಳಿಗೆ ಬಲಿಯಾದ. ಅವನ ಪಕ್ಕದ ಕುರ್ಚಿಯಲ್ಲಿ ಕುಳಿತು ಕನಿಷ್ಠ 231 ಮರಣದಂಡನೆಗಳಿಗೆ ಸಹಿ ಹಾಕಿದ ಹಾನ್ಸ್-ಯೋಆಖಿಮ್ ರೇಸೆ ಎಂಬ ನ್ಯಾಯಾಧೀಶ ಬದುಕುಳಿದ. 1967ರಲ್ಲಿ ಅವನಿಗೆ ಐದು ವರ್ಷಗಳ ಸೆರೆವಾಸ ವಿಧಿಸಲಾಯಿತು. 1968ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಅದರ ತರ್ಕವನ್ನು ಗಮನಿಸಿ: ರೇಸೆ ಕಾನೂನಿನ ಪ್ರಕಾರ ಸ್ವತಂತ್ರ ನ್ಯಾಯಾಧೀಶನಾಗಿದ್ದ, ತನ್ನ ಆತ್ಮಸಾಕ್ಷಿಯಂತೆ ಮತ ನೀಡಬೇಕಾಗಿದ್ದವನು, ಆದ್ದರಿಂದ ತಿಳಿದೂ ತಿಳಿದೂ ಕಾನೂನನ್ನು ತಿರುಚಿದನೆಂದು ಸಾಬೀತಾದರೆ ಮಾತ್ರ ಅಪರಾಧಿ. ಅದೇ ವರ್ಷದ ಡಿಸೆಂಬರಿನಲ್ಲಿ ಆತ ಖುಲಾಸೆಯಾದ. ನ್ಯಾಯಾಂಗದ ಸ್ವಾತಂತ್ರ್ಯವೆಂಬ ಪವಿತ್ರವಾದ ಮಾತು ಸರ್ವಾಧಿಕಾರಿಯ ಸೇವಕನಿಗೆ ಗುರಾಣಿಯಾಯಿತು. ಜನತಾ ನ್ಯಾಯಾಲಯದ ಒಬ್ಬ ವೃತ್ತಿಪರ ನ್ಯಾಯಾಧೀಶನಿಗೂ ತಾನು ಕೊಟ್ಟ ತೀರ್ಪುಗಳಿಗಾಗಿ ಪಶ್ಚಿಮ ಜರ್ಮನಿಯಲ್ಲಿ ಅಂತಿಮವಾಗಿ ಶಿಕ್ಷೆಯಾಗಲಿಲ್ಲ.

1961ರ ಕಾಯಿದೆಯೊಂದು ಕಳಂಕಿತ ನ್ಯಾಯಾಧೀಶರಿಗೆ ಪೂರ್ಣ ಪಿಂಚಣಿಯೊಡನೆ ಸ್ವಯಂನಿವೃತ್ತಿಯ ಅವಕಾಶ ಕೊಟ್ಟಿತು. ಅದನ್ನು ಬಳಸಿಕೊಂಡವರು 149 ಮಂದಿ ಮಾತ್ರ. ಇವರ ನಡುವೆ ಹೆಸ್ಸೆ ರಾಜ್ಯದ ಮುಖ್ಯ ಅಭಿಯೋಜಕರಾಗಿದ್ದ ಫ್ರಿಟ್ಜ್ ಬೌವರ್ ಒಬ್ಬಂಟಿಗರಂತೆ ಹೋರಾಡಿದರು. ಯಹೂದಿಯಾದ ಅವರು 1933ರಲ್ಲಿ ಸೆರೆಗೆ ಹೋಗಿ, ಅನಂತರ ಡೆನ್ಮಾರ್ಕ್ ಮತ್ತು ಸ್ವೀಡನ್ನುಗಳಲ್ಲಿ ಅಜ್ಞಾತವಾಸ ಮಾಡಿ, 1949ರಲ್ಲಿ ಮರಳಿ ಬಂದವರು. 1963ರಿಂದ 1965ರವರೆಗೆ ಫ್ರಾಂಕ್‌ಫರ್ಟಿನಲ್ಲಿ ಆಶ್‌ವಿಟ್ಜ್ ಶಿಬಿರದ ಅಧಿಕಾರಿಗಳ ವಿಚಾರಣೆ ನಡೆದದ್ದು ಅವರ ಛಲದಿಂದ. ಆ ಮೊಕದ್ದಮೆಯಿಂದಾಗಿ ಜರ್ಮನಿಯ ಹೊಸ ಪೀಳಿಗೆ ತನ್ನ ತಂದೆಯರನ್ನು ಪ್ರಶ್ನಿಸತೊಡಗಿತು. ಹಳಬರು ವಯಸ್ಸಾಗಿ ನಿವೃತ್ತರಾಗಿ, ಪ್ರಶ್ನಿಸಲು ಕಲಿತ ಈ ಪೀಳಿಗೆಯವರು ಪೀಠವೇರುವವರೆಗೆ ಕಾಯಬೇಕಾಯಿತು. ಜನತಾ ನ್ಯಾಯಾಲಯ ನ್ಯಾಯಾಲಯವೇ ಆಗಿರಲಿಲ್ಲ, ಭಯೋತ್ಪಾದನೆಯ ಸಾಧನವಾಗಿತ್ತೆಂದು ಸಂಸತ್ತು ಘೋಷಿಸಿದ್ದು 1985ರಲ್ಲಿ. ನಾಜಿ ನ್ಯಾಯಾಧೀಶರನ್ನು ಶಿಕ್ಷಿಸದೆ ಬಿಟ್ಟದ್ದು ವಿಫಲತೆಯೆಂದು ಅದೇ ಮೇಲ್ಮನವಿ ನ್ಯಾಯಾಲಯ ಒಪ್ಪಿಕೊಂಡದ್ದು 1995ರಲ್ಲಿ. ಅನ್ಯಾಯದ ತೀರ್ಪುಗಳನ್ನು ಒಟ್ಟಾರೆಯಾಗಿ ರದ್ದುಪಡಿಸುವ ಕಾಯಿದೆ ಬಂದದ್ದು 1998ರಲ್ಲಿ. ಅಷ್ಟರಲ್ಲಿ ಸೋಫಿ ಶೋಲ್ ಸತ್ತು ಐವತ್ತೈದು ವರ್ಷಗಳಾಗಿದ್ದವು.

ಈ ಕಥೆಯ ಒಂದು ಎಳೆ ನಮ್ಮ ಕನ್ನಡ ನಾಡಿನವರೆಗೂ ಬಂದಿದೆ. ಹೈಡೆಲ್‌ಬರ್ಗಿನ ವಿದ್ವಾಂಸ ಡೀಟ್ರಿಕ್ ಕಾನ್ರಾಡ್ 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ನೀಡುತ್ತ, ಸಂವಿಧಾನವನ್ನು ತಿದ್ದುವ ಅಧಿಕಾರಕ್ಕೂ ಮಿತಿಯಿರಬೇಕಲ್ಲವೇ ಎಂದು ಪ್ರಶ್ನಿಸಿದ್ದರು. ಆ ಪ್ರಶ್ನೆಯ ಹಿಂದಿದ್ದುದು ವೈಮಾರ್ ಸಂವಿಧಾನದ ಕಹಿ ಅನುಭವ. ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯಲ್ಲಿ 1973ರ ಏಪ್ರಿಲ್ 24ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಏಳು-ಆರು ಮತಗಳಿಂದ, ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತು ಬದಲಿಸಲಾಗದೆಂದು ತೀರ್ಪಿತ್ತಾಗ, ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು ಕಾನ್ರಾಡರ ವಿಚಾರವನ್ನು ಉಲ್ಲೇಖಿಸಿದ್ದಾರೆ. ಅದಾದ ಕೂಡಲೇ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಹಿಂದಿಕ್ಕಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಲಾಯಿತು. ರಾಜೀನಾಮೆಯಿತ್ತು ಹೊರಬಂದ ಆ ಮೂವರಲ್ಲಿ ಕಾರ್ಕಳ ಸೀಮೆಯ ಕೆ. ಎಸ್. ಹೆಗ್ಡೆಯವರೂ ಒಬ್ಬರು. ಕುರ್ಚಿಗಿಂತ ದೊಡ್ಡದೊಂದಿದೆಯೆಂದು ತೋರಿಸಿದವರು ನಮ್ಮಲ್ಲೂ ಇದ್ದರು.

ಜರ್ಮನಿಯ ಅನುಭವದಿಂದ ನಾನು ಗ್ರಹಿಸಿದ್ದು ಇಷ್ಟು. ನ್ಯಾಯಾಧೀಶ ಸ್ವತಂತ್ರನೆಂದು ಸಂವಿಧಾನದಲ್ಲಿ ಬರೆದರೆ ಸಾಲದು. ಅದನ್ನು ವೈಮಾರ್ ಸಂವಿಧಾನವೂ ಬರೆದಿತ್ತು. ಸ್ವಾತಂತ್ರ್ಯ ಯಾತಕ್ಕಾಗಿ ಎಂಬುದನ್ನೂ ಜೊತೆಯಲ್ಲೇ ಹೇಳಬೇಕು. ಮನುಷ್ಯನ ಘನತೆಗಾಗಿ ಎಂಬ ಉತ್ತರವಿಲ್ಲದ ಸ್ವಾತಂತ್ರ್ಯ ಮ್ಯೂನಿಕ್ಕಿನ ತೀರ್ಪಾಗುತ್ತದೆ, ರೇಸೆಯ ಖುಲಾಸೆಯಾಗುತ್ತದೆ. ಪೂರ್ವ ಜರ್ಮನಿಯಂತೆ ಎಲ್ಲರನ್ನೂ ಗುಡಿಸಿಹಾಕಿ ಪಕ್ಷದ ಆಳುಗಳನ್ನು ತುಂಬುವುದಂತೂ ಪರಿಹಾರವೇ ಅಲ್ಲ. ಹೊಸ ಪೀಠವನ್ನು ಮೇಲೆ ಕೂರಿಸಿ ಹಳೆಯದು ನಿಧಾನವಾಗಿ ಬದಲಾಗಲು ಬಿಟ್ಟ ಪಶ್ಚಿಮದ ದಾರಿಯೇ ಕೊನೆಗೆ ಫಲಿಸಿತು. ಆದರೆ ಆ ನಿಧಾನದ ಬೆಲೆಯನ್ನು ತೆತ್ತವರು ಸತ್ತವರ ಮನೆಯವರು. ತನ್ನ ಮಗನಿಗೆ ಮರಣದಂಡನೆ ಬರೆದವನು ಪಿಂಚಣಿ ಪಡೆಯುತ್ತ ಊರಿನಲ್ಲಿ ಓಡಾಡುವುದನ್ನು ಅವರು ನೋಡಬೇಕಾಯಿತು. ಈ ಲೆಕ್ಕವನ್ನು ಮರೆತು ಜರ್ಮನಿಯನ್ನು ಹೊಗಳುವುದು ಸಲ್ಲದು.

ಕಟ್ಟುವ ಕೆಲಸ ಇನ್ನೂ ಮುಗಿದಿಲ್ಲ. ಪೋಲೆಂಡ್ ಮತ್ತು ಹಂಗೇರಿಗಳಲ್ಲಿ ಚುನಾಯಿತ ಸರ್ಕಾರಗಳೇ ಸಾಂವಿಧಾನಿಕ ನ್ಯಾಯಾಲಯಗಳನ್ನು ಹಿಡಿತಕ್ಕೆ ತೆಗೆದುಕೊಂಡದ್ದನ್ನು ಕಂಡು, ಜರ್ಮನಿಯ ಸಂಸತ್ತು 2024ರ ಡಿಸೆಂಬರಿನಲ್ಲಿ ಕಾರ್ಲ್ಸ್‌ರೂಹೆಯ ಹದಿನಾರು ನ್ಯಾಯಾಧೀಶರ ಸಂಖ್ಯೆ, ಎರಡು ಪೀಠಗಳು, ಹನ್ನೆರಡು ವರ್ಷಗಳ ಅವಧಿ ಇವುಗಳನ್ನು ಸಾಮಾನ್ಯ ಕಾಯಿದೆಯಿಂದ ಎತ್ತಿ ಸಂವಿಧಾನದೊಳಗೇ ಸೇರಿಸಿತು. ಮೂರನೆಯ ಎರಡರಷ್ಟು ಬಹುಮತದ ನಿಯಮ ಮಾತ್ರ ಇನ್ನೂ ಸಾಮಾನ್ಯ ಕಾಯಿದೆಯಲ್ಲೇ ಉಳಿದಿದೆ. 2022ರಿಂದ ಅಲ್ಲಿ ಕಾನೂನು ಓದುವ ಪ್ರತಿ ವಿದ್ಯಾರ್ಥಿಯೂ ನಾಜಿ ಕಾಲದ ಅನ್ಯಾಯದ ಬಗ್ಗೆ ಕಲಿಯಲೇಬೇಕೆಂದು ಶಾಸನವಾಗಿದೆ. ಉಪಾಧ್ಯಾಯನಾಗಿ ದುಡಿದ ನನಗೆ ಈ ಕೊನೆಯ ಸಂಗತಿ ಉಳಿದೆಲ್ಲಕ್ಕಿಂತ ಹಿಡಿಸಿತು. ನಾಳೆ ಪೀಠದ ಮೇಲೆ ಕೂರುವ ಹುಡುಗ ಹುಡುಗಿಯರು ಇಂದು ಬೆಂಚಿನ ಮೇಲೆ ಕುಳಿತು ಫ್ರೈಸ್ಲರನ ಹೆಸರನ್ನೂ ಕ್ರೈಸಿಗ್ ಅವರ ಹೆಸರನ್ನೂ ಓದುತ್ತಿದ್ದಾರೆ.